ಬ್ಯಾಸ್ಕೆಟ್‌ಬಾಲ್ ನಿಯಮ ಬದಲಾದರೆ ಆಟ ಹೇಗೆ ಬದಲಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪಂದ್ಯ ನೋಡುವಾಗ ಪಕ್ಕದಲ್ಲಿ ಕೂತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಇದು ಹೇಗೆ ಫೌಲ್ ಆಯ್ತು? ಗಡಿಯಾರ ಯಾಕೆ 14ಕ್ಕೆ ಬಂತು? ಮೊದಲೆಲ್ಲ ಹೀಗಿರಲಿಲ್ಲ ಅಲ್ವಾ? ಉತ್ತರ ಹುಡುಕಿಕೊಂಡು ಹೋದರೆ ಒಂದೊಂದು ನಿಯಮದ ಹಿಂದೆಯೂ ಯಾವುದೋ ಒಂದು ಪಂದ್ಯ, ಯಾರೋ ಒಬ್ಬ ಆಟಗಾರ, ಯಾವುದೋ ಒಂದು ಉಪಾಯ ಸಿಗುತ್ತದೆ. ನನಗೆ ಈ ಆಟ ಇಷ್ಟವಾಗಲು ಅದೂ ಒಂದು ಕಾರಣ.

ಆಟ ಚೆನ್ನಾಗೇ ನಡೀತಿದೆಯಲ್ಲ, ನಿಯಮ ಬದಲಾಯಿಸೋದು ಯಾಕೆ?

ಆಟಗಾರರು ಮತ್ತು ಕೋಚ್‌ಗಳು ತುಂಬಾ ಜಾಣರು ಅನ್ನೋದೇ ಕಾರಣ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತಾರಲ್ಲ, ಹಾಗೆ. ನಿಯಮದಲ್ಲಿ ಸಣ್ಣ ಸಂದು ಕಂಡರೂ ಸಾಕು, ಅದರಲ್ಲಿ ಗೆಲುವಿನ ದಾರಿ ಮಾಡಿಕೊಳ್ಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ, ಗೆಲ್ಲುವುದೇ ಅವರ ಕೆಲಸ. ಆದರೆ ಒಂದು ತಂಡಕ್ಕೆ ಗೆಲುವು ಕೊಡುವ ಉಪಾಯ ಕೆಲವೊಮ್ಮೆ ನೋಡುವವರಿಗೆ ಬೇಸರ ತರುತ್ತದೆ. ಆಗ ಲೀಗ್ ಆ ಸಂದು ಮುಚ್ಚುತ್ತದೆ. ಆಟಗಾರರು ಬೇರೆ ಸಂದು ಹುಡುಕುತ್ತಾರೆ.

1891ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರು ಮಾಡಿದಾಗ ಇದ್ದದ್ದು 13 ನಿಯಮ. ಡ್ರಿಬಲ್, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವುದು, ಅದರಲ್ಲಿ ಇರಲೇ ಇಲ್ಲ. ಚೆಂಡು ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಅಲ್ಲಿಂದ ಇಲ್ಲಿಗೆ ಬಂದ ದಾರಿಯ ಉದ್ದಕ್ಕೂ ಈ ಓಟ ನಡೆದೇ ಇದೆ.

ಎನ್‌ಬಿಎಯಲ್ಲಿ ನಿಯಮ ಬದಲಾಯಿಸುವವರು ಯಾರು?

ಕಾಂಪಿಟಿಷನ್ ಕಮಿಟಿ ಅಂತ ಒಂದಿದೆ. ಮೊದಲು ಅದು ಚರ್ಚೆ ಮಾಡಿ ಶಿಫಾರಸು ಮಾಡುತ್ತದೆ. ಆಮೇಲೆ ತಂಡಗಳ ಪ್ರತಿನಿಧಿಗಳಿರುವ ಬೋರ್ಡ್ ಆಫ್ ಗವರ್ನರ್ಸ್ ಮತ ಹಾಕಿ ಒಪ್ಪಬೇಕು. ಎಷ್ಟೋ ನಿಯಮಗಳನ್ನು ಮೊದಲು ಕಿರಿಯ ಲೀಗ್ ಆದ ಜಿ ಲೀಗ್‌ನಲ್ಲಿ ಆಡಿಸಿ ನೋಡುತ್ತಾರೆ. ಹಾಗಾಗಿ ಮುಂದೆ ಏನು ಬರಬಹುದು ಅಂತ ಕುತೂಹಲ ಇರುವವರು ಜಿ ಲೀಗ್ ಮೇಲೆ ಒಂದು ಕಣ್ಣಿಡಿ.

ಶಾಟ್ ಕ್ಲಾಕ್ 24 ಸೆಕೆಂಡೇ ಯಾಕೆ? 20 ಅಥವಾ 30 ಯಾಕಲ್ಲ?

ಚೆಂಡು ಕೈಗೆ ಬಂದ ತಂಡ ಇಷ್ಟು ಸೆಕೆಂಡಿನೊಳಗೆ ಶಾಟ್ ಹೊಡೆಯಲೇಬೇಕು ಅಂತ ಎಣಿಸುವ ಗಡಿಯಾರವೇ ಶಾಟ್ ಕ್ಲಾಕ್. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನನ್ನ ಪ್ರಕಾರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಬಂದ ಬದಲಾವಣೆಗಳಲ್ಲೆಲ್ಲ ಇದೇ ದೊಡ್ಡದು.

1950ರ ನವೆಂಬರ್ 22. ಮಿನಿಯಾಪೊಲಿಸ್ ಲೇಕರ್ಸ್ ತಂಡದ ಎದುರು ಫೋರ್ಟ್ ವೇನ್ ಪಿಸ್ಟನ್ಸ್. ಲೇಕರ್ಸ್ ಬಳಿ ಜಾರ್ಜ್ ಮೈಕನ್ ಇದ್ದರು. 6 ಅಡಿ 10 ಇಂಚಿನ ಆಳು, ಆ ಕಾಲಕ್ಕೆ ಅವರನ್ನು ತಡೆಯುವವರೇ ಇರಲಿಲ್ಲ. ಪಿಸ್ಟನ್ಸ್ ಒಂದು ಉಪಾಯ ಮಾಡಿತು. ಚೆಂಡು ಮೈಕನ್ ಕೈಗೆ ಹೋದರೆ ತಾನೇ ಕಷ್ಟ? ನಮ್ಮ ಹತ್ತಿರವೇ ಇಟ್ಟುಕೊಳ್ಳೋಣ! ಶಾಟ್ ಹೊಡೆಯದೆ ಸುಮ್ನೆ ಚೆಂಡು ಹಿಡಿದು ನಿಂತರು. ಅದನ್ನು ತಡೆಯುವ ನಿಯಮ ಆಗ ಇರಲಿಲ್ಲ. ಕೊನೆಗೆ ಪಿಸ್ಟನ್ಸ್ ಗೆದ್ದದ್ದು 19-18 ಅಂತರದಲ್ಲಿ. ಇಡೀ ಪಂದ್ಯದಲ್ಲಿ ಎರಡೂ ತಂಡ ಸೇರಿ ಹಾಕಿದ್ದು 8 ಬುಟ್ಟಿ. ಲೇಕರ್ಸ್‌ನ 18 ಅಂಕಗಳಲ್ಲಿ 15 ಮೈಕನ್ ಒಬ್ಬರವೇ. ಎನ್‌ಬಿಎ ಇತಿಹಾಸದಲ್ಲಿ ಅತಿ ಕಡಿಮೆ ಅಂಕ ಬಂದ ಪಂದ್ಯ ಇವತ್ತಿಗೂ ಅದೇ.

ಅದೊಂದೇ ಆಗಿದ್ದರೆ ಮರೆಯಬಹುದಿತ್ತು. ಆದರೆ ಮುಂದಿದ್ದ ತಂಡ ಚೆಂಡು ಹಿಡಿದು ನಿಲ್ಲುವುದು, ಹಿಂದಿದ್ದ ತಂಡ ಬೇಕಂತಲೇ ಫೌಲ್ ಮಾಡುವುದು, ಇದೇ ಆಟವಾಗಿಬಿಟ್ಟಿತ್ತು. 1953ರ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಹಂತ) ಬಾಸ್ಟನ್ ಸೆಲ್ಟಿಕ್ಸ್‌ನ ಬಾಬ್ ಕೂಸಿ ನಾಲ್ಕು ಓವರ್‌ಟೈಮ್‌ವರೆಗೆ (ಅಂಕ ಸಮವಾದಾಗ ಆಡಿಸುವ ಹೆಚ್ಚುವರಿ ಅವಧಿ) ಹೋದ ಪಂದ್ಯವೊಂದರಲ್ಲಿ 50 ಅಂಕ ಗಳಿಸಿದರು. ಅದರಲ್ಲಿ 30 ಅಂಕ ಫ್ರೀ ಥ್ರೋಗಳಿಂದಲೇ, ಅಂದರೆ ಎದುರಾಳಿಯ ಫೌಲ್‌ಗೆ ಬದಲಾಗಿ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಒಂದೊಂದು ಅಂಕದ ಶಾಟ್‌ಗಳಿಂದಲೇ ಬಂದವು. ಜನ ದುಡ್ಡು ಕೊಟ್ಟು ನೋಡಲು ಬಂದದ್ದು ಇದನ್ನಲ್ಲ.

ಅವತ್ತು ಸೆಲ್ಟಿಕ್ಸ್ ಎದುರು ಸೋತದ್ದು ಸಿರಾಕ್ಯೂಸ್ ನ್ಯಾಷನಲ್ಸ್. ಆ ತಂಡದ ಮಾಲೀಕ ಡ್ಯಾನಿ ಬಿಯಾಸೋನ್, ಊರಲ್ಲಿ ಬೌಲಿಂಗ್ ಆಲಿ (ಚೆಂಡು ಉರುಳಿಸಿ ಪಿನ್‌ಗಳನ್ನು ಬೀಳಿಸುವ ಆಟದ ಜಾಗ) ನಡೆಸುತ್ತಿದ್ದವರು. ಅವರು ಲೆಕ್ಕ ಹಾಕಿದ ರೀತಿ ತುಂಬಾ ಸರಳ. ನೋಡಲು ಚೆನ್ನಾಗಿದ್ದ ಪಂದ್ಯಗಳಲ್ಲಿ ಒಂದೊಂದು ತಂಡ ಸುಮಾರು 60 ಶಾಟ್ ಹೊಡೆಯುತ್ತಿತ್ತು. ಎರಡೂ ಸೇರಿ 120. ಪಂದ್ಯ 48 ನಿಮಿಷ, ಅಂದರೆ 2880 ಸೆಕೆಂಡ್. 2880ನ್ನು 120ರಿಂದ ಭಾಗಿಸಿ. 24 ಬಂತು. ಅಷ್ಟೇ!

1954-55ರ ಸೀಸನ್‌ನಿಂದ ಗಡಿಯಾರ ಓಡಲು ಶುರುವಾಯಿತು. ಹಿಂದಿನ ಸೀಸನ್‌ನಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 79.5 ಅಂಕ ಗಳಿಸುತ್ತಿತ್ತು, ಅದು ಒಂದೇ ವರ್ಷದಲ್ಲಿ 93.1ಕ್ಕೆ ಏರಿತು. ಅದೇ ಸೀಸನ್‌ನಿಂದ ಒಂದು ಕ್ವಾರ್ಟರ್‌ನಲ್ಲಿ (ಪಂದ್ಯದ ಕಾಲು ಭಾಗ) ತಂಡದ ಫೌಲ್‌ಗಳು ಮಿತಿ ಮೀರಿದರೆ ಎದುರಾಳಿಗೆ ಹೆಚ್ಚುವರಿ ಫ್ರೀ ಥ್ರೋ ಸಿಗುವ ನಿಯಮವೂ ಬಂತು. ಎರಡೂ ಜೊತೆಯಾಗಿ ಬಂದದ್ದರಿಂದಲೇ ಕೆಲಸವಾಯಿತು. ಬರೀ ಗಡಿಯಾರ ತಂದಿದ್ದರೆ ಫೌಲ್ ಮಾಡುತ್ತಲೇ ಕೂರುತ್ತಿದ್ದರು.

ಇನ್ನೂ ಒಂದು ಮಾತಿದೆ. 1955ರ ಫೈನಲ್‌ನ ಏಳನೇ ಪಂದ್ಯ. ಬಿಯಾಸೋನ್ ಅವರ ಸಿರಾಕ್ಯೂಸ್ ಒಂದು ಹಂತದಲ್ಲಿ 17 ಅಂಕ ಹಿಂದೆ ಬಿದ್ದಿತ್ತು. ಎದುರಿಗಿದ್ದದ್ದು ಯಾರು ಗೊತ್ತಾ? ಅದೇ ಫೋರ್ಟ್ ವೇನ್ ಪಿಸ್ಟನ್ಸ್. ಹಳೆಯ ನಿಯಮವೇ ಇದ್ದಿದ್ದರೆ ಅವರು ಚೆಂಡು ಹಿಡಿದು ನಿಂತು ಹೊತ್ತು ಕಳೆಯಬಹುದಿತ್ತು. ಈಗ 24 ಸೆಕೆಂಡಿಗೊಮ್ಮೆ ಶಾಟ್ ಹೊಡೆಯಲೇಬೇಕು. ಸಿರಾಕ್ಯೂಸ್ ಮತ್ತೆ ಮೇಲೆ ಬಂದು 92-91ರಿಂದ ಗೆದ್ದು ಚಾಂಪಿಯನ್ ಆಯಿತು.

ಒಬ್ಬ ಆಟಗಾರನನ್ನು ತಡೆಯಲು ಅಂತಲೇ ನಿಯಮ ಮಾಡಿದ್ದು ನಿಜವೇ?

ನಿಜ, ಅದೂ ಒಂದಲ್ಲ. ಮೊದಲನೆಯದು ಮತ್ತೆ ಮೈಕನ್ ಅವರದೇ. ರಿಂಗ್ ಕೆಳಗಿನ ಬಣ್ಣ ಬಳಿದ ಜಾಗ, ಅಂದರೆ ಲೇನ್, ಮೊದಲು 6 ಅಡಿ ಅಗಲವಿತ್ತು. ದಾಳಿ ಮಾಡುವವರು ಅದರೊಳಗೆ 3 ಸೆಕೆಂಡಿಗಿಂತ ಜಾಸ್ತಿ ನಿಲ್ಲುವಂತಿಲ್ಲ. ಆದರೆ 6 ಅಡಿ ಅನ್ನೋದು ಏನೂ ಅಲ್ಲ. ಮೈಕನ್ ಅದರ ಅಂಚಿಗೆ ನಿಂತರೂ ರಿಂಗ್ ಅವರ ಕೈಗೆ ಹತ್ತಿರವೇ. 1951ರಲ್ಲಿ ಲೇನ್ 12 ಅಡಿಯಾಯಿತು. ಅವರ ಸರಾಸರಿ 28.4ರಿಂದ 23.8ಕ್ಕೆ ಇಳಿಯಿತು. ಲೇಕರ್ಸ್ ಮಾತ್ರ 1952, 1953, 1954 ಮೂರೂ ವರ್ಷ ಗೆದ್ದರು!

ವಿಲ್ಟ್ ಚೇಂಬರ್ಲಿನ್ ಬಂದ ಮೇಲೆ 1964ರಲ್ಲಿ ಲೇನ್ ಮತ್ತೆ ಅಗಲವಾಗಿ 16 ಅಡಿಗೆ ಬಂತು. ಈಗಲೂ ಅಷ್ಟೇ ಇದೆ. 1961-62ರಲ್ಲಿ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದವರು ಚೇಂಬರ್ಲಿನ್. ಲೇನ್ ಅಗಲ ಮಾಡಿದ ಮೇಲೂ ಎರಡು ಸೀಸನ್ ಅಂಕ ಗಳಿಕೆಯಲ್ಲಿ ಮೊದಲ ಸ್ಥಾನ ಅವರದೇ.

ಕಾಲೇಜು ಮಟ್ಟದಲ್ಲಿ 1967ರಲ್ಲಿ ಡಂಕ್ ಮಾಡುವುದನ್ನೇ, ಅಂದರೆ ಹಾರಿ ಚೆಂಡನ್ನು ಮೇಲಿನಿಂದ ರಿಂಗ್‌ಗೆ ತುರುಕುವುದನ್ನೇ ನಿಷೇಧಿಸಿದರು. ಆಗ ಅಲ್ಲಿ ಆಡುತ್ತಿದ್ದದ್ದು ಲೂ ಆಲ್ಸಿಂಡರ್, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಆದವರು. ಡಂಕ್ ಇಲ್ಲದಿದ್ದರೇನು ಅಂತ ಅವರು ಹುಕ್ ಶಾಟ್ ಅನ್ನು (ಪಕ್ಕಕ್ಕೆ ತಿರುಗಿ ಒಂದೇ ಕೈಯನ್ನು ತಲೆ ಮೇಲಿನಿಂದ ಬೀಸಿ ಎಸೆಯುವುದು) ಇನ್ನಷ್ಟು ತಿದ್ದಿಕೊಂಡರು. ಅದೇ ಸ್ಕೈ ಹುಕ್. ಅದನ್ನೇ ನೆಚ್ಚಿಕೊಂಡು ಎನ್‌ಬಿಎಯಲ್ಲಿ 38,387 ಅಂಕ ಗಳಿಸಿದರು. ಆ ದಾಖಲೆಯನ್ನು ಲೆಬ್ರಾನ್ ಜೇಮ್ಸ್ ಮುರಿದದ್ದು 2023ರ ಫೆಬ್ರವರಿಯಲ್ಲಿ. ಡಂಕ್ ನಿಷೇಧ 1976ರಲ್ಲಿ ಹೋಯಿತು.

1990ರ ದಶಕದ ಕೊನೆಯಲ್ಲಿ ಬಂದ 5 ಸೆಕೆಂಡ್ ನಿಯಮವನ್ನೂ ಇಲ್ಲಿ ಸೇರಿಸಬಹುದು. ಚಾರ್ಲ್ಸ್ ಬಾರ್ಕ್ಲಿ, ಮಾರ್ಕ್ ಜಾಕ್ಸನ್ ಅವರಂಥವರು ರಿಂಗ್‌ಗೆ ಬೆನ್ನು ಹಾಕಿ, ಡ್ರಿಬಲ್ ಮಾಡುತ್ತಾ, ಎದುರಾಳಿಯನ್ನು ಇಂಚಿಂಚಾಗಿ ಹಿಂದಕ್ಕೆ ತಳ್ಳುತ್ತಾ ಹೋಗುತ್ತಿದ್ದರು. ಉಳಿದ ಎಂಟು ಜನ ನಿಂತು ನೋಡಬೇಕು. ಈಗ ಫ್ರೀ ಥ್ರೋ ಗೆರೆಗಿಂತ ಒಳಗೆ ಹಾಗೆ 5 ಸೆಕೆಂಡಿಗಿಂತ ಜಾಸ್ತಿ ಮಾಡುವಂತಿಲ್ಲ.

ಮೂರು ಅಂಕದ ಗೆರೆ ಎಲ್ಲಿಂದ ಬಂತು? ಬಂದ ಕೂಡಲೇ ಆಟ ಬದಲಾಯಿತೇ?

ಇಲ್ಲ, ಬಹಳ ತಡವಾಗಿ ಬದಲಾಯಿತು. ಅದೇ ಇದರ ವಿಶೇಷ.

ಈ ಗೆರೆಯಾಚೆಯಿಂದ ಹೊಡೆದು ಹಾಕಿದರೆ ಎರಡರ ಬದಲು ಮೂರು ಅಂಕ. 1961ರಲ್ಲಿ ಶುರುವಾಗಿ ಬೇಗ ಮುಚ್ಚಿಹೋದ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಈ ಗೆರೆ ಇತ್ತು. 1967ರಲ್ಲಿ ಎನ್‌ಬಿಎಗೆ ಪೈಪೋಟಿಯಾಗಿ ಹುಟ್ಟಿದ ಎಬಿಎ ಅದನ್ನು ಎತ್ತಿಕೊಂಡಿತು. ಆಗ ಎಬಿಎ ಕಮಿಷನರ್ ಆಗಿದ್ದವರು ಜಾರ್ಜ್ ಮೈಕನ್! ರಿಂಗ್ ಕೆಳಗೆ ನಿಂತು ಆಳಿದ ಮನುಷ್ಯನೇ ದೂರದ ಶಾಟ್‌ಗೆ ಬೆಲೆ ತಂದುಕೊಟ್ಟದ್ದು ನನಗೆ ತುಂಬಾ ಹಿಡಿಸಿದ ವಿಷಯ. ಗೆರೆ ಇದ್ದರೆ ಸಣ್ಣ ಆಳುಗಳಿಗೂ ಅವಕಾಶ, ಡಿಫೆನ್ಸ್ ಕೂಡ ಅಗಲವಾಗಿ ಹರಡಬೇಕಾಗುತ್ತದೆ ಅನ್ನೋದು ಅವರ ಯೋಚನೆ. 1976ರಲ್ಲಿ ಎಬಿಎ ಮುಚ್ಚಿ ನೆಟ್ಸ್, ನಗೆಟ್ಸ್, ಪೇಸರ್ಸ್, ಸ್ಪರ್ಸ್ ನಾಲ್ಕು ತಂಡಗಳು ಎನ್‌ಬಿಎ ಸೇರಿದವು. ಗೆರೆ ಬಂದದ್ದು 1979-80ರಲ್ಲಿ.

ಅಕ್ಟೋಬರ್ 12, 1979ರಂದು ಬಾಸ್ಟನ್‌ನ ಕ್ರಿಸ್ ಫೋರ್ಡ್ ಮೊದಲ ತ್ರೀ ಪಾಯಿಂಟರ್ ಹಾಕಿದರು. ಆ ಸೀಸನ್‌ನಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 2.8 ಸಲ ಮಾತ್ರ ಪ್ರಯತ್ನಿಸಿತು. ಎಷ್ಟೋ ಕೋಚ್‌ಗಳಿಗೆ ಅದು ಬರೀ ಗಿಮಿಕ್. 1983ರ ಡಿಸೆಂಬರ್‌ನಲ್ಲಿ ಎನ್‌ಬಿಎಯ ಅತಿ ಹೆಚ್ಚು ಅಂಕದ ಪಂದ್ಯ ನಡೆಯಿತು. ಡೆಟ್ರಾಯ್ಟ್ 186, ಡೆನ್ವರ್ 184. ಮೂರು ಓವರ್‌ಟೈಮ್, ಒಟ್ಟು 370 ಅಂಕ. ಅಷ್ಟರಲ್ಲಿ ಬಿದ್ದ ತ್ರೀ ಪಾಯಿಂಟರ್ ಎಷ್ಟು? ಎರಡು! ಅಂದ ಹಾಗೆ, ಆ ಡೆಟ್ರಾಯ್ಟ್ ಪಿಸ್ಟನ್ಸ್ 1957ರಲ್ಲಿ ಊರು ಬದಲಿಸಿದ ಅದೇ ಫೋರ್ಟ್ ವೇನ್ ಪಿಸ್ಟನ್ಸ್. ಅತಿ ಕಡಿಮೆ ಅಂಕದ ಪಂದ್ಯ, ಅತಿ ಹೆಚ್ಚು ಅಂಕದ ಪಂದ್ಯ, ಎರಡನ್ನೂ ಗೆದ್ದದ್ದು ಒಂದೇ ತಂಡ.

ಕ್ರಮೇಣ ಲೆಕ್ಕ ಎಲ್ಲರ ತಲೆಗೂ ಹೋಯಿತು. ಗೆರೆಯಾಚೆಯಿಂದ 100ಕ್ಕೆ 35 ಬಿದ್ದರೆ 105 ಅಂಕ. ಗೆರೆಗಿಂತ ಒಂದು ಹೆಜ್ಜೆ ಒಳಗೆ ನಿಂತು 100ಕ್ಕೆ 40 ಬಿದ್ದರೂ 80 ಅಂಕವೇ. ಒಳಗಿನಿಂದ 105 ಬರಬೇಕಾದರೆ ಅರ್ಧಕ್ಕಿಂತ ಜಾಸ್ತಿ ಶಾಟ್ ಬೀಳಲೇಬೇಕು. ಸ್ಟೀಫನ್ ಕರಿ 2015-16ರಲ್ಲಿ ಒಬ್ಬರೇ 402 ತ್ರೀ ಪಾಯಿಂಟರ್ ಹಾಕಿದರು. 2017-18ರಲ್ಲಿ ಹೂಸ್ಟನ್ ರಾಕೆಟ್ಸ್ ಎರಡು ಅಂಕದ ಶಾಟ್‌ಗಳಿಗಿಂತ ಮೂರು ಅಂಕದವನ್ನೇ ಜಾಸ್ತಿ ಹೊಡೆದ ಮೊದಲ ತಂಡವಾಯಿತು. ಅದೇ ವರ್ಷ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ (ಎನ್‌ಬಿಎ ಫೈನಲ್‌ಗೆ ಮುಂಚಿನ ಸುತ್ತು) ಏಳನೇ ಪಂದ್ಯದಲ್ಲಿ ಸತತ 27 ತ್ರೀ ಪಾಯಿಂಟರ್ ತಪ್ಪಿಸಿ ಸೋತದ್ದೂ ಅದೇ ತಂಡ.

ನಡುವೆ ಗೆರೆಯನ್ನು ಹತ್ತಿರ ತಂದಿದ್ದರಂತೆ, ಏನಾಯಿತು?

ಮಾಮೂಲಿ ಗೆರೆ ಮೇಲ್ಭಾಗದಲ್ಲಿ 23 ಅಡಿ 9 ಇಂಚು, ಮೂಲೆಗಳಲ್ಲಿ 22 ಅಡಿ. ಅಂಕಗಳು ಕಡಿಮೆಯಾಗುತ್ತಿವೆ ಅಂತ 1994-95ರಿಂದ ಮೂರು ಸೀಸನ್ ಎಲ್ಲ ಕಡೆ 22 ಅಡಿ ಮಾಡಿದರು. ಪ್ರಯತ್ನಗಳು ಏರಿದವು. ಸ್ಟೀವ್ ಕೆರ್ 1994-95ರಲ್ಲಿ 52.4 ಶೇಕಡಾ ಹಾಕಿದರು. ಒರ್ಲ್ಯಾಂಡೊದ ಡೆನಿಸ್ ಸ್ಕಾಟ್ ಮುಂದಿನ ಸೀಸನ್‌ನಲ್ಲಿ 267 ಹಾಕಿ ಆಗಿನ ದಾಖಲೆ ಬರೆದರು. ಆದರೆ ಆಟ ಬಿಚ್ಚಿಕೊಳ್ಳಲಿಲ್ಲ. ಗೆರೆ ಹತ್ತಿರ ಬಂದರೆ ಡಿಫೆನ್ಸ್ ಕೂಡ ಹತ್ತಿರವೇ ನಿಲ್ಲುತ್ತದೆ ನೋಡಿ, ಒಳಗೆ ಜಾಗ ಇನ್ನೂ ಕಿರಿದಾಗುತ್ತದೆ. 1997-98ರಲ್ಲಿ ಹಳೆಯ ಜಾಗಕ್ಕೇ ವಾಪಸ್ ಹೋಯಿತು.

ಈಗ ಎಲ್ಲರೂ ದೂರದಿಂದಲೇ ಹೊಡೀತಾರೆ. ಗೆರೆಯನ್ನು ಇನ್ನೂ ಹಿಂದಕ್ಕೆ ಎಳೆದರೆ ಆಗಲ್ವಾ?

ಎಳೆಯಬಹುದು, ಆದರೆ ಅಂಗಳದ ಅಗಲ ಬಿಡುವುದಿಲ್ಲ. ಕೋರ್ಟ್ 50 ಅಡಿ ಅಗಲ. ರಿಂಗ್‌ನ ನಡುವಿನಿಂದ ಪಕ್ಕದ ಗೆರೆಗೆ 25 ಅಡಿ. ಮೂಲೆಯಲ್ಲಿ ಮೂರು ಅಂಕದ ಗೆರೆ 22 ಅಡಿಯಲ್ಲಿದೆ, ಹಾಗಾಗಿ ಆಟಗಾರ ನಿಲ್ಲಲು ಉಳಿಯುವುದು ಬರೀ 3 ಅಡಿ. ಅಲ್ಲೂ 23 ಅಡಿ 9 ಇಂಚು ಮಾಡಿದರೆ 15 ಇಂಚು ಉಳಿಯುತ್ತದೆ. ಈ ಆಟಗಾರರ ಪಾದವೇ ಅಷ್ಟು ಉದ್ದ ಇರುತ್ತದೆ! ಒಂದೋ ಮೂಲೆಯ ತ್ರೀ ಪಾಯಿಂಟರ್ ಬಿಡಬೇಕು, ಇಲ್ಲಾ ಕೋರ್ಟ್ ಅಗಲ ಮಾಡಬೇಕು. ಅಗಲ ಮಾಡಿದರೆ ಅಂಗಳಕ್ಕೆ ಅಂಟಿಕೊಂಡಿರುವ, ಅತಿ ದುಬಾರಿ ಸೀಟುಗಳು ಹೋಗುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಮೂಲೆಯನ್ನು ಮುಟ್ಟಬಾರದು. ಅಲ್ಲಿ ಒಬ್ಬ ಶೂಟರ್ ನಿಂತಿರುವುದರಿಂದಲೇ ಡಿಫೆಂಡರ್ ರಿಂಗ್ ಬಿಟ್ಟು ಆಚೆ ಹೋಗಬೇಕಾಗುತ್ತದೆ. ಅದರಿಂದಲೇ ನುಗ್ಗುವವರಿಗೆ ದಾರಿ ಸಿಗುತ್ತದೆ. ಮೂಲೆ ಇಲ್ಲವಾದರೆ ಎಲ್ಲರೂ ಮತ್ತೆ ರಿಂಗ್ ಕೆಳಗೆ ಗುಂಪು ಸೇರುತ್ತಾರೆ.

ಹ್ಯಾಂಡ್ ಚೆಕ್ ಅಂದರೇನು? ಅದನ್ನು ನಿಲ್ಲಿಸಿದ್ದಕ್ಕೆ ಅಷ್ಟೊಂದು ಚರ್ಚೆ ಯಾಕೆ?

ಡ್ರಿಬಲ್ ಮಾಡುತ್ತಾ ಬರುವವನ ಸೊಂಟದ ಮೇಲೆ ಕೈ ಇಟ್ಟು, ಅವನನ್ನು ತನಗೆ ಬೇಕಾದ ಕಡೆ ತಿರುಗಿಸುವುದು. ನೋಡುವವರಿಗೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಬಲಶಾಲಿ ಡಿಫೆಂಡರ್‌ನ ಒಂದು ಕೈ ಸಾಕು, ಎಷ್ಟೇ ಚುರುಕಾದ ಗಾರ್ಡ್ (ಚೆಂಡು ನಡೆಸುವ ಆಟಗಾರ) ಆದರೂ ಅರ್ಧ ಹೆಜ್ಜೆ ತಡವಾಗುತ್ತಾನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ಅರ್ಧ ಹೆಜ್ಜೆಯೇ ಎಲ್ಲ.

ಇದರ ವಿರುದ್ಧ ನಿಯಮ 1978ರಿಂದಲೇ ಇತ್ತು. 1994ರಲ್ಲಿ, 1997ರಲ್ಲಿ ಮತ್ತೆ ಬಿಗಿ ಮಾಡಿದರು. ಆದರೂ ರೆಫ್ರಿಗಳು ನಿಜವಾಗಿ ಶಿಳ್ಳೆ ಊದಲು ಶುರು ಮಾಡಿದ್ದು 2004-05ರಲ್ಲಿ. ಅದಕ್ಕೆ ಹಿಂದಿನ ಸೀಸನ್ ಹೇಗಿತ್ತು ಅಂದರೆ, ಸರಾಸರಿ ಅಂಕ 93.4. ಆ ವರ್ಷದ ಚಾಂಪಿಯನ್ ಡೆಟ್ರಾಯ್ಟ್ ಪಿಸ್ಟನ್ಸ್ ಸತತ 5 ಪಂದ್ಯಗಳಲ್ಲಿ ಎದುರಾಳಿಗಳಿಗೆ 70 ಅಂಕವನ್ನೂ ಮುಟ್ಟಲು ಬಿಟ್ಟಿರಲಿಲ್ಲ. (ಮತ್ತೆ ಪಿಸ್ಟನ್ಸ್! ನಿಯಮಗಳ ಕಥೆಯಲ್ಲಿ ಈ ತಂಡ ಎಲ್ಲ ತಿರುವಿನಲ್ಲೂ ಎದುರಾಗುತ್ತದೆ.)

ಕೈ ತೆಗೆಸಿದ ವರ್ಷ ಸರಾಸರಿ 97.2ಕ್ಕೆ ಬಂತು. ಫೀನಿಕ್ಸ್ ಸನ್ಸ್ ಹಿಂದಿನ ವರ್ಷ 29 ಪಂದ್ಯ ಗೆದ್ದಿತ್ತು, ಈ ವರ್ಷ 62 ಗೆದ್ದಿತು. ಹೊಸದಾಗಿ ಬಂದ ಸ್ಟೀವ್ ನ್ಯಾಶ್, ಕೋಚ್ ಮೈಕ್ ಡಿ'ಆಂಟೋನಿ ಅವರ ಓಟದ ಆಟ, ಹೊಸ ನಿಯಮ, ಮೂರೂ ಕೂಡಿ ಬಂದವು. ಎತ್ತರವೂ ಇಲ್ಲದ, ಮೈಕಟ್ಟೂ ದೊಡ್ಡದಲ್ಲದ ನ್ಯಾಶ್ ಎರಡು ವರ್ಷ ಸತತವಾಗಿ ಲೀಗ್‌ನ ಅತ್ಯಮೂಲ್ಯ ಆಟಗಾರ ಆದರು. ಇದನ್ನೆಲ್ಲ ನಿಯಮವೊಂದರ ಲೆಕ್ಕಕ್ಕೇ ಬರೆದರೆ ನ್ಯಾಶ್‌ಗೆ ಅನ್ಯಾಯ. ಆದರೆ ನಿಯಮ ಬಾಗಿಲು ತೆಗೆದದ್ದಂತೂ ನಿಜ.

ಝೋನ್ ಡಿಫೆನ್ಸ್ ಮೊದಲು ತಪ್ಪಾಗಿತ್ತು, ಆಮೇಲೆ ಸರಿಯಾಯಿತು. ಯಾಕೆ?

ಒಬ್ಬೊಬ್ಬ ಆಟಗಾರನನ್ನು ಕಾಯುವ ಬದಲು ಒಂದೊಂದು ಜಾಗವನ್ನು ಕಾಯುವುದು ಝೋನ್. 1947ರ ಜನವರಿಯಲ್ಲೇ, ಲೀಗ್ ಹುಟ್ಟಿದ ಕೆಲವೇ ತಿಂಗಳಲ್ಲಿ, ಅದನ್ನು ನಿಷೇಧಿಸಿದ್ದರು. ಐದೂ ಜನ ರಿಂಗ್ ಸುತ್ತ ಗೋಡೆ ಕಟ್ಟಿದರೆ ಆಟ ಕೆಡುತ್ತದೆ ಅನ್ನೋ ಭಯ. ಅದರ ಫಲವಾಗಿ ಇಲ್ಲೀಗಲ್ ಡಿಫೆನ್ಸ್ ಅನ್ನೋ ನಿಯಮ ಬೆಳೆಯಿತು. ಯಾರು ಎಲ್ಲಿ ನಿಲ್ಲಬಹುದು, ಯಾವಾಗ ಸಹಾಯಕ್ಕೆ ಹೋಗಬಹುದು ಅಂತ ಎಷ್ಟು ಜಟಿಲವಾಯಿತೆಂದರೆ ಬರೀ ನೋಡುವವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಕೋಚ್‌ಗಳು ಅದರಲ್ಲೂ ಸಂದು ಕಂಡುಕೊಂಡರು. ತಮ್ಮ ಮೂರು ಜನರನ್ನು ಅಂಗಳದ ಒಂದು ಬದಿಗೆ ಕಳಿಸಿದರೆ ಅವರನ್ನು ಕಾಯುವವರೂ ಅಲ್ಲಿಗೇ ಹೋಗಬೇಕು. ಇನ್ನೊಂದು ಬದಿಯಲ್ಲಿ ಸ್ಟಾರ್ ಆಟಗಾರ ಒಬ್ಬನೇ, ಎದುರಿಗೆ ಒಬ್ಬನೇ. 1990ರ ದಶಕದ ಕೊನೆಯ ಹೊತ್ತಿಗೆ ಇದೇ ಜಾಸ್ತಿಯಾಗಿ ಆಟ ನಿಂತ ನೀರಿನಂತಾಗಿತ್ತು.

ಜೆರ್ರಿ ಕೊಲಾಂಜೆಲೊ ಮುಂದಾಳತ್ವದ ಸಮಿತಿ ಹೇಳಿದಂತೆ 2001-02ರಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು. ಝೋನ್ ಆಡಬಹುದು. ಆದರೆ ರಿಂಗ್ ಕೆಳಗೆ ಬೀಡುಬಿಡಬಾರದು ಅಂತ ಡಿಫೆನ್ಸಿವ್ ತ್ರೀ ಸೆಕೆಂಡ್ ನಿಯಮ ತಂದರು. ಯಾರನ್ನೂ ಹತ್ತಿರದಿಂದ ಕಾಯದೆ ಲೇನ್ ಒಳಗೆ 3 ಸೆಕೆಂಡ್ ದಾಟಿ ನಿಂತರೆ ಎದುರಾಳಿಗೆ ಒಂದು ಫ್ರೀ ಥ್ರೋ, ಚೆಂಡೂ ಅವರಿಗೇ. ಚೆಂಡನ್ನು ಅರ್ಧ ಗೆರೆ ದಾಟಿಸುವ ಸಮಯವನ್ನೂ 10ರಿಂದ 8 ಸೆಕೆಂಡಿಗೆ ಇಳಿಸಿದರು.

ಇದರ ನಿಜವಾದ ಪರಿಣಾಮ ತಕ್ಷಣ ಕಾಣಲಿಲ್ಲ. ಡಿಫೆಂಡರ್‌ಗಳಿಗೆ ಎಲ್ಲಿ ಬೇಕಾದರೂ ನಿಲ್ಲುವ ಸ್ವಾತಂತ್ರ್ಯ ಬಂದ ಮೇಲೆ, ಶಾಟ್ ಹೊಡೆಯಲು ಬಾರದವನನ್ನು ಕಾಯುವ ಅಗತ್ಯವೇ ಹೋಯಿತು. ಅವನನ್ನು ಬಿಟ್ಟು ಸ್ಟಾರ್ ಮೇಲೆ ಇಬ್ಬರು ಬೀಳಬಹುದು. ಇದಕ್ಕೆ ಮದ್ದು ಒಂದೇ, ಐದೂ ಜನ ದೂರದಿಂದ ಹೊಡೆಯಲು ಕಲಿಯಬೇಕು. ಇವತ್ತು 7 ಅಡಿ ಎತ್ತರದವರೂ ತ್ರೀ ಪಾಯಿಂಟರ್ ಹೊಡೆಯುತ್ತಾರಲ್ಲ, ಅದರ ಬೇರು 1979ರ ಗೆರೆಯಲ್ಲಿ ಎಷ್ಟಿದೆಯೋ 2001ರ ಈ ಬದಲಾವಣೆಯಲ್ಲೂ ಅಷ್ಟೇ ಇದೆ ಅಂತ ನಾನು ನಂಬಿದ್ದೇನೆ.

ಹಾಗಾದರೆ ಈಗ ಡಿಫೆನ್ಸ್ ಅನ್ನೋದೇ ಇಲ್ಲ ಅಂತ ಹಳೆಯ ಅಭಿಮಾನಿಗಳು ಹೇಳೋದು ಸರಿಯೇ?

ಅರ್ಧ ಮಾತ್ರ ಸರಿ. ಮೈಮೇಲೆ ಬೀಳುವ ಡಿಫೆನ್ಸ್ ಕಡಿಮೆಯಾಗಿದೆ. ಆದರೆ ಡಿಫೆಂಡರ್ ಕಾಯಬೇಕಾದ ಜಾಗ ಎಷ್ಟೋ ಪಟ್ಟು ದೊಡ್ಡದಾಗಿದೆ. ಆಗ ಸೆಂಟರ್ ಆಟಗಾರ ರಿಂಗ್ ಹತ್ತಿರ ಇದ್ದರೆ ಸಾಕಿತ್ತು. ಈಗ ಅವನು 25 ಅಡಿ ಆಚೆ ಹೋಗಿ ಗಾರ್ಡ್ ಒಬ್ಬನನ್ನು ಕಾಯಬೇಕು, ಮರುಕ್ಷಣ ಓಡಿ ಬಂದು ರಿಂಗ್ ಹತ್ತಿರ ಶಾಟ್ ತಡೆಯಬೇಕು. ಒಮ್ಮೆ ಚೆಂಡನ್ನು ಬಿಟ್ಟು ಒಬ್ಬ ಡಿಫೆಂಡರ್‌ನನ್ನೇ ನೋಡುತ್ತಾ ಪೂರ್ತಿ ಕ್ವಾರ್ಟರ್ ಕಳೆಯಿರಿ. ಅವನು ಎಷ್ಟು ಓಡುತ್ತಾನೆ, ಎಷ್ಟು ಮಾತಾಡುತ್ತಾನೆ, ಎಷ್ಟು ಸಲ ಜಾಗ ಬದಲಿಸುತ್ತಾನೆ ಅಂತ ಗೊತ್ತಾಗುತ್ತದೆ.

ಮೂರು ಹೆಜ್ಜೆ ಇಡ್ತಾರೆ, ಆದರೂ ಟ್ರಾವೆಲಿಂಗ್ ಕೊಡಲ್ಲ. ಯಾಕೆ?

ಡ್ರಿಬಲ್ ಮಾಡದೆ ಚೆಂಡು ಹಿಡಿದು ಜಾಸ್ತಿ ಹೆಜ್ಜೆ ಇಡುವ ತಪ್ಪಿಗೆ ಟ್ರಾವೆಲಿಂಗ್ ಅನ್ನುತ್ತಾರೆ. ಎಣಿಕೆ ಶುರುವಾಗುವುದು ಎಲ್ಲಿಂದ ಅನ್ನೋದು ಮುಖ್ಯ. ಡ್ರಿಬಲ್ ಮುಗಿಸಿ ಚೆಂಡನ್ನು ಪೂರ್ತಿ ಹಿಡಿತಕ್ಕೆ ತೆಗೆದುಕೊಳ್ಳುವ ಕ್ಷಣಕ್ಕೆ ಗ್ಯಾದರ್ ಅನ್ನುತ್ತಾರೆ. ಆಗ ನೆಲದ ಮೇಲಿರುವ ಪಾದ ಲೆಕ್ಕಕ್ಕೆ ಬರುವುದಿಲ್ಲ. ಅದಾದ ಮೇಲೆ ಎರಡು ಹೆಜ್ಜೆ. ಹಾಗಾಗಿ ಕಣ್ಣಿಗೆ ಮೂರು ಕಾಣುತ್ತದೆ. 2009ರಲ್ಲಿ ಎನ್‌ಬಿಎ ಎರಡು ಹೆಜ್ಜೆಯನ್ನು ನಿಯಮದ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಯಿತು. 2019ರಲ್ಲಿ ಗ್ಯಾದರ್ ಎಂದರೇನು ಅಂತ ವಿವರಿಸಿತು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ಕೂಡ 2017ರಲ್ಲಿ ಇದೇ ದಾರಿಗೆ ಬಂತು.

ಶಾಟ್ ಕ್ಲಾಕ್ ಕೆಲವೊಮ್ಮೆ 24ಕ್ಕೆ ಬರದೆ 14ಕ್ಕೆ ಬರುತ್ತದಲ್ಲ?

ಶಾಟ್ ರಿಂಗ್‌ಗೆ ತಾಗಿ ತಪ್ಪಿ, ಹೊಡೆದ ತಂಡವೇ ರಿಬೌಂಡ್ (ತಪ್ಪಿ ಪುಟಿದ ಚೆಂಡು) ಹಿಡಿದರೆ 14. 2018-19ರಿಂದ ಹೀಗಿದೆ. ಚೆಂಡು ಆಗಲೇ ಎದುರಾಳಿಯ ಅರ್ಧದಲ್ಲಿದೆ, ಮತ್ತೆ 24 ಸೆಕೆಂಡ್ ಯಾಕೆ ಅನ್ನೋದು ತರ್ಕ. ಪಂದ್ಯದ ಕೊನೆಯಲ್ಲಿ ಇದರ ರುಚಿ ಗೊತ್ತಾಗುತ್ತದೆ. 20 ಸೆಕೆಂಡ್ ಉಳಿದಿದೆ, ಮುಂದಿರುವ ತಂಡವೇ ರಿಬೌಂಡ್ ಹಿಡಿಯಿತು. ಮೊದಲಾಗಿದ್ದರೆ ಚೆಂಡು ಹಿಡಿದು ನಿಂತರೆ ಪಂದ್ಯ ಮುಗಿದಂತೆ. ಈಗ ಮತ್ತೊಂದು ಶಾಟ್ ಹೊಡೆಯಬೇಕು, ಹಿಂದಿರುವ ತಂಡಕ್ಕೆ 6 ಸೆಕೆಂಡ್ ಆಸೆ ಉಳಿಯುತ್ತದೆ.

ಬೇಕಂತಲೇ ಫೌಲ್ ಗಿಟ್ಟಿಸಿಕೊಳ್ಳುವ ಆಟಕ್ಕೆ ಏನು ಮಾಡಿದ್ದಾರೆ?

ಎರಡು ಮೂರು ಕೆಲಸ ಮಾಡಿದ್ದಾರೆ. ಕೆಲವು ಶೂಟರ್‌ಗಳು ಪಕ್ಕಕ್ಕೆ ಅಥವಾ ಹಿಂದಕ್ಕೆ ಹಾರಿ ಡಿಫೆಂಡರ್ ಮೇಲೆ ಬೀಳುವುದು, ಕಾಲು ಚಾಚುವುದು, ಕೈ ಸಿಕ್ಕಿಸಿಕೊಳ್ಳುವುದು ಮಾಡುತ್ತಿದ್ದರು. ಶಾಟ್‌ಗೆ ಸಂಬಂಧವೇ ಇಲ್ಲದ ಇಂಥ ಚಲನೆಗೆ 2021-22ರಿಂದ ಫ್ರೀ ಥ್ರೋ ಇಲ್ಲ. ಆ ಸೀಸನ್ ಶುರುವಿನಲ್ಲಿ ಜೇಮ್ಸ್ ಹಾರ್ಡನ್, ಟ್ರೇ ಯಂಗ್ ಅವರಂಥವರಿಗೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು.

ಸುಮ್ನೆ ಬಿದ್ದು ನಾಟಕ ಮಾಡುವುದಕ್ಕೆ 2012-13ರಿಂದ ದಂಡ ಇತ್ತು, ಆದರೆ ಪಂದ್ಯ ಮುಗಿದ ಮೇಲೆ. 2023-24ರಿಂದ ಪಂದ್ಯದಲ್ಲೇ ಎದುರಾಳಿಗೆ ಒಂದು ಫ್ರೀ ಥ್ರೋ.

ನನಗೆ ತುಂಬಾ ಖುಷಿ ಕೊಟ್ಟದ್ದು 2022-23ರ ಬದಲಾವಣೆ. ಎದುರಾಳಿ ಚೆಂಡು ಕಸಿದು ಓಡಲು ಶುರು ಮಾಡಿದ ಕೂಡಲೇ ಅವನನ್ನು ಹಿಡಿದು ನಿಲ್ಲಿಸುವ ಟೇಕ್ ಫೌಲ್ ಇತ್ತಲ್ಲ, ಅದಕ್ಕೆ ಈಗ ಒಂದು ಫ್ರೀ ಥ್ರೋ, ಜೊತೆಗೆ ಚೆಂಡೂ ವಾಪಸ್. ಬ್ಯಾಸ್ಕೆಟ್‌ಬಾಲ್‌ನ ಅತಿ ಚಂದದ ದೃಶ್ಯ ಅಂದರೆ ಆ ಓಟವೇ. ಅದನ್ನು ಶರ್ಟ್ ಹಿಡಿದು ಎಳೆದು ನಿಲ್ಲಿಸುವುದನ್ನು ಇಷ್ಟು ವರ್ಷ ಸಹಿಸಿಕೊಂಡದ್ದೇ ಹೆಚ್ಚು.

ಫ್ರೀ ಥ್ರೋ ಬಾರದವನಿಗೇ ಹುಡುಕಿ ಹುಡುಕಿ ಫೌಲ್ ಮಾಡುತ್ತಿದ್ದರಲ್ಲ, ಅದು ನಿಂತಿತೇ?

ಪೂರ್ತಿ ಇಲ್ಲ. ಶಕೀಲ್ ಓ'ನೀಲ್ ಅವರ ಹೆಸರಲ್ಲೇ ಈ ತಂತ್ರ ಪ್ರಸಿದ್ಧ. ವೃತ್ತಿಜೀವನದಲ್ಲಿ ಅವರ ಫ್ರೀ ಥ್ರೋ 52.7 ಶೇಕಡಾ. ಚೆಂಡಿನ ಹತ್ತಿರವೂ ಇಲ್ಲದವನಿಗೆ ಫೌಲ್ ಮಾಡಿದರೆ ಒಂದು ಫ್ರೀ ಥ್ರೋ ಮತ್ತು ಚೆಂಡು ಎರಡೂ ಕೊಡುವ ನಿಯಮ ಮೊದಲು ಪಂದ್ಯದ ಕೊನೆಯ 2 ನಿಮಿಷಕ್ಕೆ ಮಾತ್ರ ಇತ್ತು. 2016-17ರಿಂದ ಪ್ರತಿ ಕ್ವಾರ್ಟರ್‌ನ ಕೊನೆಯ 2 ನಿಮಿಷಕ್ಕೂ ಅನ್ವಯಿಸುತ್ತದೆ. ಉಳಿದ ಸಮಯದಲ್ಲಿ ಈಗಲೂ ಮಾಡಬಹುದು. ಫ್ರೀ ಥ್ರೋ ಕಲಿಯುವುದೂ ಆಟಗಾರನ ಹೊಣೆ ತಾನೇ? ಅಷ್ಟಕ್ಕೆ ಬಿಟ್ಟದ್ದು ಸರಿ ಅನ್ನಿಸುತ್ತದೆ.

ಕೋಚ್ ಚಾಲೆಂಜ್ ಹೇಗೆ ಕೆಲಸ ಮಾಡುತ್ತದೆ?

ರೆಫ್ರಿ ತೀರ್ಪು ತಪ್ಪು ಅನ್ನಿಸಿದರೆ ಕೋಚ್ ಟೈಮ್‌ಔಟ್ ತೆಗೆದುಕೊಂಡು ಮರುಪರಿಶೀಲನೆ ಕೇಳಬಹುದು. 2019-20ರಲ್ಲಿ ಪ್ರಯೋಗವಾಗಿ ಬಂದು ಮರುವರ್ಷ ಕಾಯಂ ಆಯಿತು. 2023-24ರಿಂದ ಮೊದಲ ಚಾಲೆಂಜ್ ಗೆದ್ದರೆ ಎರಡನೆಯದೂ ಸಿಗುತ್ತದೆ. ತೀರ್ಪುಗಳು ನ್ಯಾಯವಾಗಿವೆ, ಆದರೆ ಆಟ ನಿಂತು ನಿಂತು ಸಾಗುತ್ತದೆ. 2017-18ರಲ್ಲಿ ಎರಡೂ ತಂಡಗಳ ಟೈಮ್‌ಔಟ್ ಒಟ್ಟು 18ರಿಂದ 14ಕ್ಕೆ ಇಳಿಸಿ ಉಳಿಸಿದ ಸಮಯ ಇಲ್ಲಿ ಹೋಗುತ್ತಿದೆ ಅನ್ನೋ ಕೊರಗು ನನಗಿದೆ.

ಒಲಿಂಪಿಕ್ಸ್‌ನಲ್ಲಿ ಆಟ ಬೇರೆ ಥರ ಕಾಣುತ್ತದೆ. ನಿಯಮಗಳೂ ಬೇರೆಯೇ?

ಹೌದು, ಅಲ್ಲಿ ಫೀಬಾ ನಿಯಮ. ಪಂದ್ಯ 48ರ ಬದಲು 40 ನಿಮಿಷ. 6ನೇ ಫೌಲ್‌ಗೆ ಅಲ್ಲ, 5ನೇ ಫೌಲ್‌ಗೇ ಆಟಗಾರ ಹೊರಗೆ. ಮೂರು ಅಂಕದ ಗೆರೆ 6.75 ಮೀಟರ್, ಎನ್‌ಬಿಎಯದು 7.24. ಇವೆಲ್ಲಕ್ಕಿಂತ ಆಟದ ರೂಪ ಬದಲಿಸುವುದು ಇನ್ನೆರಡು ವ್ಯತ್ಯಾಸ. ಅಲ್ಲಿ ಡಿಫೆನ್ಸಿವ್ ತ್ರೀ ಸೆಕೆಂಡ್ ಇಲ್ಲ, ದೊಡ್ಡ ಆಳು ರಿಂಗ್ ಕೆಳಗೇ ನಿಂತುಬಿಡಬಹುದು. ಇನ್ನು ಶಾಟ್ ರಿಂಗ್‌ಗೆ ತಾಗಿದ ಮೇಲೆ, ಚೆಂಡು ಇನ್ನೂ ರಿಂಗ್ ಮೇಲೆ ಕುಣಿಯುತ್ತಿದ್ದರೂ ಅದನ್ನು ತಟ್ಟಿ ಹಾಕಬಹುದು. ಎನ್‌ಬಿಎಯಲ್ಲಿ ಅದು ತಪ್ಪು. ಅದಕ್ಕೇ ಎನ್‌ಬಿಎ ಸ್ಟಾರ್‌ಗಳೂ ಅಲ್ಲಿ ನುಗ್ಗಲು ಹೋಗಿ ಗೋಡೆಗೆ ಡಿಕ್ಕಿ ಹೊಡೆದಂತೆ ನಿಲ್ಲುವುದು ಕಾಣುತ್ತದೆ.

ಮಹಿಳೆಯರ ಲೀಗ್ ಡಬ್ಲ್ಯೂಎನ್‌ಬಿಎ 1997ರಲ್ಲಿ 30 ಸೆಕೆಂಡ್ ಗಡಿಯಾರ ಮತ್ತು 20 ನಿಮಿಷದ ಎರಡು ಅರ್ಧಗಳೊಂದಿಗೆ ಶುರುವಾಯಿತು. 2006ರಲ್ಲಿ 24 ಸೆಕೆಂಡ್‌ಗೂ 10 ನಿಮಿಷದ ನಾಲ್ಕು ಕ್ವಾರ್ಟರ್‌ಗೂ ಬಂತು.

ಇತ್ತೀಚಿನ ಬದಲಾವಣೆಗಳಲ್ಲಿ ನಿಮಗೆ ಇಷ್ಟವಾದದ್ದು?

2025-26ರಲ್ಲಿ ಬಂದ ಒಂದು ಸಣ್ಣ ನಿಯಮ. ಕ್ವಾರ್ಟರ್ ಮುಗಿಯುವ ಹೊತ್ತಿಗೆ ಅರ್ಧ ಅಂಗಳದಾಚೆಯಿಂದ ಎಸೆಯುವ ಶಾಟ್ ಇದೆಯಲ್ಲ, ಬೀಳುವುದು ಅಪರೂಪ. ತಪ್ಪಿದರೆ ತಮ್ಮ ಶೂಟಿಂಗ್ ಶೇಕಡಾ ಕೆಡುತ್ತದೆ ಅಂತ ಎಷ್ಟೋ ಆಟಗಾರರು ಬೇಕಂತಲೇ ತಡಮಾಡಿ, ಗಂಟೆ ಹೊಡೆದ ಮೇಲೆ ಎಸೆಯುತ್ತಿದ್ದರು. ಈಗ ಮೊದಲ ಮೂರು ಕ್ವಾರ್ಟರ್‌ಗಳ ಕೊನೆಯ 3 ಸೆಕೆಂಡಿನಲ್ಲಿ, ತಮ್ಮ ಅರ್ಧದಿಂದ ಶುರುವಾದ ಆಟದಲ್ಲಿ 36 ಅಡಿಗಿಂತ ದೂರದಿಂದ ಎಸೆದು ತಪ್ಪಿದರೆ ಅದು ತಂಡದ ಲೆಕ್ಕಕ್ಕೆ, ಆಟಗಾರನ ಲೆಕ್ಕಕ್ಕಲ್ಲ. ಆಟದ ಒಂದು ಗೆರೆಯನ್ನೂ ಮುಟ್ಟದೆ, ಬರೀ ಲೆಕ್ಕ ಬರೆಯುವ ರೀತಿ ಬದಲಿಸಿ, ಗಂಟೆಗೆ ಮೊದಲೇ ಚೆಂಡು ಗಾಳಿಗೆ ಹಾರುವಂತೆ ಮಾಡಿದರು.

ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದದ್ದು ಏನಾದರೂ ಇದೆಯೇ?

ರಿಂಗ್‌ನ ಎತ್ತರ. 1891ರಲ್ಲಿ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಜಿಮ್‌ನ ಬಾಲ್ಕನಿಗೆ ಕಟ್ಟಿದರು. ಅದು ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಅವತ್ತಿನಿಂದ ಇವತ್ತಿನವರೆಗೂ 10 ಅಡಿಯೇ.

ಒಂದು ಸಲ ಮಾತ್ರ ಎನ್‌ಬಿಎ ಅದನ್ನು ಮುಟ್ಟಿ ನೋಡಿತು. 1954ರ ಮಾರ್ಚ್‌ನಲ್ಲಿ ಲೇಕರ್ಸ್ ಮತ್ತು ಮಿಲ್ವಾಕಿ ಹಾಕ್ಸ್ ನಡುವಿನ ಪಂದ್ಯವೊಂದನ್ನು 12 ಅಡಿಯ ರಿಂಗ್‌ಗಳಲ್ಲಿ ಆಡಿಸಿದರು. ಮೈಕನ್ ಅವರಂಥ ಎತ್ತರದವರ ಲಾಭ ಕಡಿಮೆಯಾಗಲಿ ಅಂತ. ಆದರೆ ರಿಂಗ್ ಮೇಲೆ ಹೋದಷ್ಟೂ ಎಲ್ಲರ ಶಾಟ್‌ಗಳೂ ತಪ್ಪುತ್ತವೆ. ತಪ್ಪಿದ ಚೆಂಡು ಯಾರ ಕೈಗೆ ಹೋಗುತ್ತದೆ? ರಿಂಗ್ ಕೆಳಗೆ ನಿಂತ ಎತ್ತರದವನ ಕೈಗೇ! ಆ ಪ್ರಯೋಗವನ್ನು ಮತ್ತೆ ಮಾಡಲಿಲ್ಲ.